ಹಲಗೆ ನಮ್ಮದು, ಗೇಟು ಯಾರದು?

ಲಗ್ಗೆರೆ ಕಡೆ ಹೊಳೆಗೊಂದು ತೂಗುಸೇತುವೆ ಇದೆ ಅಂದರೆ ಪೇಟೆ ಜನ ನಗುತ್ತಾರೆ. ‘ಬೆಂಗ್ಳೂರಲ್ಲಿ ಹೊಳೆ ಎಲ್ಲಿದೆ ಗುರು, ಯಾವ್ದೋ ಮೋರಿ ಇರ್ಬೇಕು’ ಅಂದ ಒಬ್ಬ. ಅವನ ಮಾತನ್ನು ಅವನ ಮೂಗಿನಲ್ಲೇ ಆಡಿ ತೋರಿಸಿದೆ, ಮುನಿಸಿಕೊಂಡ. ಮುನಿಸಿಕೊಳ್ಳಲಿ. ಆಷಾಢದ ಮಳೆಯಲ್ಲಿ ಅವನನ್ನು ದಡದ ಮೇಲೆ ನಿಲ್ಲಿಸಿ ‘ದಾಟು ಮಗಾ ನಿನ್ನ ಮೋರೀನ’ ಅನ್ನಬೇಕು.

ಆ ಸೇತುವೆಯ ಚರಿತ್ರೆಯನ್ನು ಈಗ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದಾರೆ. ಸಾರ್ವಜನಿಕರ ಅನುಕೂಲಕ್ಕಾಗಿ ಕಾರ್ಖಾನೆಯವರು ನಿರ್ಮಿಸಿದ್ದಂತೆ. ನಿರ್ಮಿಸಿದ್ದಂತೆ! ಓದಿದಾಗಲೆಲ್ಲ ಮೈಯೆಲ್ಲ ಉರಿಯುತ್ತದೆ. ನಾನು ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವುದರಿಂದ ದಿನಾ ಓದಬೇಕು, ದಿನಾ ಉರಿಯಬೇಕು.

ನಿಜವಾದ ಚರಿತ್ರೆ ನಮ್ಮ ದೊಡ್ಡಮ್ಮನ ಹತ್ತಿರ ಇದೆ. ಅಪ್ಪನ ಅಣ್ಣನ ಹೆಂಡತಿ, ನಾನು ಅಣಕಿಸಿದರೆ ಬೈಯದೆ ನಗುವ ಊರಿನ ಒಬ್ಬಳೇ ಹೆಂಗಸು. ಅವಳ ಸೊಪ್ಪಿನ ತೋಟ ಹೊಳೆಯಾಚೆ. ಹಿಂದೆ ನೀರು ಬಂದರೆ ತುಮಕೂರು ರಸ್ತೆ ಹಿಡಿದು ಊರೆಲ್ಲ ಸುತ್ತಿ ತೋಟಕ್ಕೆ ಹೋಗಬೇಕಿತ್ತು. ಅಷ್ಟರಲ್ಲಿ ಹತ್ತಿರದ ಕಲ್ಲುಕ್ವಾರಿ ಮುಚ್ಚಿತು. ಬಂಡೆ ಎತ್ತುತ್ತಿದ್ದ ಉಕ್ಕಿನ ಹಗ್ಗ ಅಲ್ಲೇ ತುಕ್ಕು ಹಿಡಿಯುತ್ತಾ ಬಿದ್ದಿತ್ತು. ಊರ ಗಂಡಸರು ಮಾಲೀಕನನ್ನು ಕೇಳಿ, ಸಾಲಾಗಿ ಹೆಗಲ ಮೇಲೆ ಹೊತ್ತು ತಂದರು. ಮುಂದಿನವನು ಬೈದರೆ ಹಿಂದಿನವನಿಗೆ ಕೇಳುತ್ತಿರಲಿಲ್ಲವಂತೆ, ಅಷ್ಟುದ್ದದ ಹಗ್ಗ. ಕಲ್ಲು ಕುಟ್ಟುವವರು ಎರಡೂ ದಡದಲ್ಲಿ ಕಂಬ ನೆಟ್ಟರು. ನಡೆಯುವುದಕ್ಕೆ ಹಲಗೆ? ಮನೆಗೊಂದು.

ಈ ಮನೆಗೊಂದು ಅನ್ನುವುದೇ ನಮ್ಮ ಕಾನೂನು. ಹಲಗೆ ಕೊಟ್ಟ ಮನೆಯವರೇ ಅದನ್ನು ನೋಡಿಕೊಳ್ಳಬೇಕು, ಮುರಿದರೆ ಬೇರೆ ಹಾಕಬೇಕು. ಅಣ್ಣತಮ್ಮಂದಿರು ಪಾಲಾದರೆ ತಮ್ಮನೂ ತನ್ನದೊಂದು ಹಾಕಬೇಕು. ದೊಡ್ಡಮ್ಮ ತನ್ನ ಮಂಚದ ಹಲಗೆಯನ್ನೇ ಕೊಟ್ಟು ನೆಲದ ಮೇಲೆ ಮಲಗಿದಳು. ನಮ್ಮ ಮನೆಯದು ಸ್ವಲ್ಪ ಬಾಗಿತ್ತು. ಅದರ ಮೇಲೆ ಕಾಲಿಟ್ಟವರೆಲ್ಲ ನಮ್ಮಪ್ಪನನ್ನು ನೆನೆಸಿಕೊಳ್ಳುತ್ತಿದ್ದರು, ಯಾವ ಮಾತಿನಲ್ಲಿ ಅಂತ ಬರೆಯುವುದು ಬೇಡ.

ಆಮೇಲೆ ಪೀಣ್ಯದ ಸುತ್ತ ಶೆಡ್ಡುಗಳು ಎದ್ದವು. ಆಚೆ ದಡದಲ್ಲಿ, ದೊಡ್ಡಮ್ಮನ ತೋಟದ ಪಕ್ಕದಲ್ಲೇ ನಮ್ಮ ಕಾರ್ಖಾನೆ ಬಂತು. ಕೆಲಸಗಾರರೆಲ್ಲ ಈಚೆಯವರು. ಮ್ಯಾನೇಜರು ಊರಿಗೆ ಬಂದು, ಕೊಳೆತ ಹಲಗೆ ತೆಗೆದು ಕಬ್ಬಿಣದ ತಗಡು ಹಾಕಿಸುತ್ತೇವೆ, ಹಳೇ ಹಲಗೆ ನಿಮ್ಮನಿಮ್ಮ ಮನೆಗೆ ತಗೊಂಡು ಹೋಗಿ ಅಂದರು. ನಾವು ಎಂಥ ಜಾಣರು ನೋಡಿ. ಹಬ್ಬದ ಹಾಗೆ ಹೋಗಿ ತಂದೆವು. ತಂದು ಏನು ಮಾಡಿದೆವು? ಒಡೆದು ಬಚ್ಚಲ ಒಲೆಗೆ ಹಾಕಿ ಸ್ನಾನದ ನೀರು ಕಾಯಿಸಿದೆವು. ಊರಿಗೆ ಊರೇ ಬಿಸಿಬಿಸಿ ಮಿಂದು, ಆ ಕೆತ್ತಿದ ಕಲ್ಲು ನೆಡುವ ಸಮಾರಂಭಕ್ಕೆ ಹೋಗಿ ಲಾಡು ತಿಂದಿತು. ನಾನು ಎರಡು ತಿಂದೆ.

ಸ್ವಲ್ಪ ದಿನಕ್ಕೆ ಆಚೆ ತುದಿಯಲ್ಲಿ ಗೇಟು ಬಂತು. ಗೇಟಿಗೆ ಬೀಗ, ಬೀಗಕ್ಕೊಬ್ಬ ವಾಚ್‌ಮನ್. ಶಿಫ್ಟು ಬದಲಾಗುವಾಗ ಮಾತ್ರ ತೆಗೆಯುವುದು. ಊರ ಹಿರಿಯರು ಕೇಳಲು ಹೋದರೆ ಮ್ಯಾನೇಜರು ನಗುತ್ತಾ, ‘ಸರಿ, ಇದ್ರಲ್ಲಿ ನಿಮ್ದು ಅಂತ ಏನಿದೆ, ತೋರ್ಸಿ’ ಅಂದರಂತೆ. ಹಿರಿಯರು ಬಗ್ಗಿ ತಗಡು ನೋಡಿದರು. ನಮ್ಮದೆಲ್ಲ ಹೊಗೆಯಾಗಿ ಹೋಗಿತ್ತು. ಹಗ್ಗ ಇತ್ತು, ಕಂಬ ಇತ್ತು. ಅವನ್ನು ತೋರಿಸಬಹುದಿತ್ತಲ್ಲ? ಒಬ್ಬರಿಗೂ ಹೊಳೆಯಲಿಲ್ಲ, ಸುಮ್ಮನೆ ಬಂದುಬಿಟ್ಟರು. ನನಗೆ ಅವರ ಮೇಲೂ ಸಿಟ್ಟು.

ದೊಡ್ಡಮ್ಮ ಈಗ ಶಿಫ್ಟಿನ ಸೈರನ್ನು ಕೇಳಿ ಸೊಪ್ಪು ಕೀಳಬೇಕಾಯಿತು. ಹೊತ್ತು ತಪ್ಪಿದರೆ ಮುಂದಿನ ಶಿಫ್ಟಿನವರೆಗೆ ತೋಟದಲ್ಲೇ ಉಳಿಯಬೇಕು, ಇಲ್ಲವೇ ಮೊದಲಿನ ಹಾಗೆ ತುಮಕೂರು ರಸ್ತೆ ಸುತ್ತಬೇಕು. ಈಚೆ ಮನೆಯಲ್ಲಿ ಕೆಚ್ಚಲು ಬಿಗಿದ ಹಸು ಅರಚುತ್ತಿರುತ್ತದೆ. ‘ತೋಟ ಮಾರ್ಬಿಡು ಅತ್ಲಾಗೆ’ ಅಂತ ಮಕ್ಕಳೇ ಅನ್ನತೊಡಗಿದರು. ಕಾರ್ಖಾನೆಯವರಿಗೆ ಬೇಕಾಗಿದ್ದದ್ದೂ ಅದೇ.

ಒಂದು ಸಂಜೆ ಜೋರು ಮಳೆ. ಶಿಫ್ಟು ಮುಗಿದ ಮೇಲೂ ನಾನು ಗೆಳೆಯರ ಮುಂದೆ ಫೋರ್‌ಮನ್ನನ ನಡಿಗೆ ಮಾಡಿ ತೋರಿಸುತ್ತಾ ನಿಂತು ತಡವಾಯಿತು. ಹೊರಗೆ ಬಂದರೆ ಗೇಟಿನ ಮುಂದೆ ದೊಡ್ಡಮ್ಮ, ತಲೆಯ ಮೇಲೆ ಸೊಪ್ಪಿನ ಕುಕ್ಕೆ, ಕುಕ್ಕೆಯ ಮೇಲೆ ಗೋಣಿಚೀಲ. ಕೆಳಗೆ ಕೆಂಪು ನೀರು ಏರುತ್ತಿತ್ತು.

‘ಅಸ ಕರೀಬೇಕು ಕಣಪ್ಪಾ, ಒಸಿ ತೆಗಿ’ ಅನ್ನುತ್ತಿದ್ದಳು.

‘ಸಾಹೇಬ್ರು ಹೇಳ್ದೆ ತೆಗ್ಯಕ್ಕಾಗಲ್ಲಮ್ಮಾ’ ಅಂತ ವಾಚ್‌ಮನ್ ತನ್ನ ಕಾವಲು ಗೂಡಿನೊಳಗಿಂದಲೇ.

ಸಾಹೇಬರು ತಾನೇ ಬೇಕು? ಗೂಡಿನ ಹಿಂದಕ್ಕೆ ಹೋಗಿ, ಗಂಟಲು ಕೆರೆದು, ಮ್ಯಾನೇಜರ ದನಿಯಲ್ಲಿ ಗುಡುಗಿದೆ: ‘ಏನ್ ಮ್ಯಾನ್! ಓಪನ್ ಮಾಡ್ರೀ! ಕ್ವಿಕ್!’

ವಾಚ್‌ಮನ್ ಎಗರಿ ಬಂದು, ಮಳೆಗೆ ಸಲ್ಯೂಟ್ ಹೊಡೆದು, ಬೀಗ ತೆಗೆದ. ನಾನು ಹಲ್ಲು ಕಿರಿಯುತ್ತಾ ಹೊರಬಂದೆ. ದೊಡ್ಡಮ್ಮ ನಗಲಿಲ್ಲ. ಹೆಜ್ಜೆಯೂ ಇಡಲಿಲ್ಲ.

‘ಅವನ ದನೀಲಿ ಯಾಕ್ಲಾ ಕೂಗ್ದೆ?’

‘ತೆಗೀಲಿ ಅಂತ, ದೊಡ್ಡಮ್ಮ.’

‘ನಿಂಗೆ ದನಿ ಇಲ್ವಾ? ನಂಗಿಲ್ವಾ?’ ವಾಚ್‌ಮನ್ ಕಡೆ ತಿರುಗಿದಳು. ‘ಮುಚ್ಚಪ್ಪಾ ಅದನ್ನ.’

‘ತೆಗ್ದಿದೀನಲ್ಲಮ್ಮಾ!’

‘ನಿನ್ ಸಾಹೇಬ ಏಳ್ದ ಅಂತ ತೆಗ್ದೆ. ಮುಚ್ಚು.’

ಅವನು ನನ್ನ ಮುಖ ನೋಡಿದ. ಸಾಹೇಬರು ಯಾರು ಅಂತ ಅವನಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಖುಷಿಯಿಂದಲೇ ಮುಚ್ಚಿದ, ಬೀಗವನ್ನೂ ಹಾಕಿದ. ದೊಡ್ಡಮ್ಮ ಕುಕ್ಕೆ ಇಳಿಸಿ, ಕಲ್ಲುಕಂಬದ ಮೇಲೆ ಕೈಯಿಟ್ಟು, ಹೊಲದಲ್ಲಿ ಆಳನ್ನು ಕರೆಯುವ ಗಂಟಲಲ್ಲಿ ಕೂಗಿದಳು: ‘ಈ ಕಂಬ ನಮ್ಮೋರು ನೆಟ್ಟಿದ್ದು. ಅಗ್ಗ ನಮ್ಮೋರು ಒತ್ತು ತಂದಿದ್ದು. ನಾನು ಮನೆಗೋಗ್ಬೇಕು, ಬಾಗ್ಲು ತೆಗಿ!’ ನನ್ನ ಕಡೆ ನೋಡಿದಳು. ನಾನೂ ಕೂಗಿದೆ. ಬೇರೆ ಯಾರದೂ ಅಲ್ಲದ ನನ್ನ ದನಿ ಇಷ್ಟು ಕೀರಲು ಅಂತ ಅವತ್ತೇ ಗೊತ್ತಾಗಿದ್ದು.

ವಾಚ್‌ಮನ್ ಬೀಗದಕೈಯನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತಿದ್ದ. ಅವನೂ ನೆನೆಯುತ್ತಿದ್ದ, ನಾವೂ ನೆನೆಯುತ್ತಿದ್ದೆವು. ಊರ ಕಡೆಯ ದಡದಿಂದ ಹಸು ಕೂಗುವುದು ಕೇಳುತ್ತಿತ್ತು. ಕೊನೆಗೆ ‘ನನ್ ಕೆಲ್ಸ ಕಳೀತೀರಾ ನೀವು’ ಅಂತ ಗೊಣಗುತ್ತಾ ತೆಗೆದ.

ಮಾರನೆಯ ದಿನ ಮತ್ತೆ ಬೀಗ, ದೊಡ್ಡಮ್ಮ ಮತ್ತೆ ಕೂಗಿದಳು. ಈಗಲೂ ಕೂಗುತ್ತಾಳೆ, ತೆಗೆಯುತ್ತಾನೆ. ತೋಟ ಮಾರಿಲ್ಲ. ಊರವರು ಇದನ್ನು ಗೆಲುವು ಅನ್ನುತ್ತಾರೆ. ತಾನು ಇಷ್ಟು ಕಾಲ ದಾಟಿಕೊಂಡು ಬಂದ ಹೊಳೆಯನ್ನು ದಾಟಲು ಆ ಹೆಂಗಸು ದಿನಾ ಗಂಟಲು ಹರಿದುಕೊಳ್ಳಬೇಕು. ಇದಕ್ಕೆ ಯಾವ ಬಾಯಲ್ಲಿ ಗೆಲುವು ಅನ್ನುತ್ತಾರೋ, ಆ ಬಾಯನ್ನು ಅಣಕಿಸುವುದು ಮಾತ್ರ ನನಗಿನ್ನೂ ಬಂದಿಲ್ಲ.