ಯಜಮಾನರ ನಂಬರು

ನಗರದ ಒಂದು ಪ್ರತಿಷ್ಠಾನದವರು ನಮಗೆ ಅನುದಾನ ಕೊಟ್ಟದ್ದು ನಮ್ಮ ಸಾಫ್ಟ್‌ವೇರ್ ನೋಡಿ ಅಲ್ಲ, ನನ್ನನ್ನು ನೋಡಿ. ದೊಡ್ಡಬೆಳವಂಗಲದ ಕಡೆ ಹುಟ್ಟಿ ಬೆಳೆದವಳು, ಅಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹನ್ನೊಂದು ವರ್ಷ ಗುತ್ತಿಗೆ ನರ್ಸ್ ಆಗಿದ್ದವಳು. ಸಂದರ್ಶನದಲ್ಲಿ ಒಬ್ಬರು, ಹಳ್ಳಿ ಹೆಂಗಸರ ವಿಷಯ ನಿಮಗೆಷ್ಟು ಗೊತ್ತು ಎಂದು ಕೇಳಿದರು. ‘ಅವರ ಅಡುಗೆಮನೇಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತಲೂ ಗೊತ್ತು’ ಅಂದುಬಿಟ್ಟೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಜಂಭ ನೆನಪಾದರೆ ಈಗ ಮೈಯೆಲ್ಲ ಉರಿಯುತ್ತದೆ.

ಕಂಪನಿ ಅಂದರೆ ನಾವಿಬ್ಬರೇ, ನಾನು ಮತ್ತು ನನ್ನ ನಾದಿನಿ. ಅವಳು ಬೆಂಗಳೂರಿನಲ್ಲಿ ಓದಿ, ಅಲ್ಲೇ ಕೆಲಸ ಮಾಡಿ, ನನ್ನ ಮಾತು ಕಟ್ಟಿಕೊಂಡು ಆ ಕೆಲಸ ಬಿಟ್ಟು ಬಂದವಳು. ದೊಡ್ಡಬಳ್ಳಾಪುರದಲ್ಲಿ ಸಿಮೆಂಟ್ ಅಂಗಡಿಯ ಮೇಲಿನ ಕೋಣೆ ನಮ್ಮ ಆಫೀಸು. ನಾವು ಮಾಡಿದ್ದು ಇಷ್ಟು: ಆರೋಗ್ಯ ಕೇಂದ್ರಕ್ಕೆ ಬರುವ ಗರ್ಭಿಣಿಯರ ತೂಕ, ಬಿಪಿ, ರಕ್ತದ ಲೆಕ್ಕ ಎಲ್ಲವನ್ನೂ ಟ್ಯಾಬ್‌ನಲ್ಲಿ ಹಾಕಿದರೆ, ಯಾರ ಬಿಪಿ ಏರುತ್ತಿದೆ ಎಂದು ಅದು ಹುಡುಕಿ, ‘ಇಂಥ ದಿನ ತಪ್ಪದೆ ಬನ್ನಿ’ ಎಂದು ಕನ್ನಡದಲ್ಲಿ ಮೆಸೇಜ್ ಕಳಿಸುತ್ತದೆ. ಹಾಗೆ ಕರೆದ ಹೆಂಗಸರು ಬಂದರೆ ಅನುದಾನದ ಎರಡನೇ ಕಂತು. ಬರದಿದ್ದರೆ ಬಾಗಿಲು ಹಾಕಬೇಕು.

ಬರಲಿಲ್ಲ. ಮೆಸೇಜ್ ತಲುಪಿದೆ, ತಲುಪಿದೆ ಎಂದು ಟ್ಯಾಬ್ ಸಾಲುಸಾಲಾಗಿ ತೋರಿಸುತ್ತಿತ್ತು. ಹೇಳಿದ ದಿನ ಕೇಂದ್ರದ ಬೆಂಚು ಖಾಲಿ. ನಾನು ಮೆಸೇಜಿನ ಮಾತನ್ನು ನಾಲ್ಕು ಸಲ ಬದಲಾಯಿಸಿದೆ. ಒಮ್ಮೆ ಮೃದುವಾಗಿ, ಒಮ್ಮೆ ಹೆದರಿಸುವ ಹಾಗೆ, ಒಮ್ಮೆ ‘ತಾಯಿ’ ಅಂತ ಸೇರಿಸಿ. ಯಾವುದಕ್ಕೂ ಯಾರೂ ಅಲುಗಾಡಲಿಲ್ಲ. ಪ್ರತಿಷ್ಠಾನದವರ ಪರಿಶೀಲನಾ ಸಭೆಗೆ ಇನ್ನು ಒಂದು ತಿಂಗಳು ಉಳಿದಿತ್ತು. ನಾದಿನಿ ಊಟ ಬಿಟ್ಟಿದ್ದಳು. ನಾನು ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತಿದ್ದೆ. ಕೊನೆಗೆ ಈ ಹೆಂಗಸರ ಮೇಲೇ ಸಿಟ್ಟು ಬಂತು. ಇವರಿಗೆ ಜೀವದ ಮೇಲೆ ಆಸೆ ಇಲ್ಲವಾ, ಮನೆ ಬಾಗಿಲಿಗೆ ಬಂದು ಕೈ ಹಿಡಿದು ಎಳೆದುಕೊಂಡು ಹೋಗಬೇಕಾ?

ಆ ಸಿಟ್ಟಿನಲ್ಲೇ ಒಂದು ಬೆಳಿಗ್ಗೆ ಒಬ್ಬಳ ಮನೆಗೆ ಹೋದೆ. ಮೊದಲ ಬಸಿರು, ಏಳು ತಿಂಗಳು. ಮೂರು ಸಲ ಮೆಸೇಜ್ ಹೋಗಿತ್ತು, ಮೂರು ಸಲವೂ ಬಂದಿರಲಿಲ್ಲ. ಗಂಡ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಅತ್ತೆ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು.

‘ಬಾರವ್ವ, ಕೂತ್ಕೊ. ಇವ್ಳಿಗೆ ನಿನ್ನೆಯಿಂದ ತಲೆನೋವು ಕಣವ್ವ. ಬಿಸಿಲಿಗ್ ಹೋಗ್ಬೇಡ ಅಂದ್ರೆ ಕೇಳಲ್ಲ.’

ಹುಡುಗಿ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಪಾದ ಊದಿ ಕಾಲುಂಗುರ ಮಾಂಸದೊಳಗೆ ಹೂತುಹೋಗಿತ್ತು. ಕಣ್ಣು ಮಂಜು ಮಂಜು ಅಂದಳು. ಬಿಪಿ ನೋಡಿದೆ. ಮೇಲಿನದು ನೂರಾ ಎಪ್ಪತ್ತು ದಾಟಿತ್ತು. ತಪ್ಪಾಗಿರಬಹುದೆಂದು ಪಟ್ಟಿ ಬಿಚ್ಚಿ ಕಟ್ಟಿ ಮತ್ತೊಮ್ಮೆ ನೋಡಿದೆ. ಅಷ್ಟೇ ಇತ್ತು.

‘ಮೂರ್ ಸಲ ಕರೆದ್ವಲ್ಲಮ್ಮ, ಯಾಕ್ ಬರ್ಲಿಲ್ಲ?’ ಎಂದು ಕೂಗಿಯೇಬಿಟ್ಟೆ.

‘ಯಾರ್ ಕರೆದ್ರಕ್ಕಾ? ಯಾರೂ ಏನೂ ಹೇಳಿಲ್ವಲ್ಲ.’

ಅಷ್ಟರಲ್ಲಿ ಅವಳ ತಲೆದಿಂಬಿನ ಪಕ್ಕ ಫೋನು ಹೊಡೆದುಕೊಂಡಿತು. ಅವಳ ತಾಯಿ, ಆವತಿಯಿಂದ. ದಿನಾ ಎರಡು ಹೊತ್ತು ಮಾತಾಡುತ್ತಾರಂತೆ. ಅದು ಯಾರ ಫೋನು ಎಂದು ಕೇಳಿದೆ.

‘ನಂದೇ ಅಕ್ಕಾ. ಮದ್ವೇಗ್ ಮುಂಚಿಂದೂ ಇದೆ.’

ಟ್ಯಾಬ್ ತೆಗೆದು ಅವಳ ಹೆಸರಿನ ಮುಂದಿದ್ದ ನಂಬರು ನೋಡಿದೆ. ಈ ಹುಡುಗಿಯ ವಿವರ ಬರೆದುಕೊಂಡವಳು ನಾನೇ. ನಮ್ಮ ಕಡೆ ಮದುವೆಯಾದ ಹೆಂಗಸಿನ ಫೋನ್ ನಂಬರ್ ಯಾರೂ ಕೇಳುವುದಿಲ್ಲ. ರೇಷನ್ ಅಂಗಡಿಯಲ್ಲಾಗಲಿ, ಶಾಲೆಯ ದಾಖಲಾತಿಯಲ್ಲಾಗಲಿ, ಗ್ಯಾಸಿನವನ ಹತ್ತಿರವಾಗಲಿ ‘ಯಜಮಾನರ ನಂಬರ್ ಹೇಳಮ್ಮ’ ಎಂದೇ ಕೇಳುವುದು. ಅದು ಮರ್ಯಾದೆ. ಹೆಂಗಸರಿಗೂ ಅದೇ ರೂಢಿ. ಗಂಡನ ಹೆಸರು ಹೇಳಲು ನಾಚಿ ಪಕ್ಕದವಳ ಮುಖ ನೋಡುವವರು, ನಂಬರನ್ನು ಮಾತ್ರ ಮಗ್ಗಿ ಒಪ್ಪಿಸಿದ ಹಾಗೆ ಒಂದೇ ಉಸಿರಿಗೆ ಹೇಳುತ್ತಾರೆ. ನಾನೂ ಒಬ್ಬೊಬ್ಬರನ್ನೂ ಹಾಗೇ ಕೇಳಿದ್ದೆ, ಹಾಗೇ ಬರೆದಿದ್ದೆ. ನಾದಿನಿ ಮೊದಲ ವಾರವೇ ಪಟ್ಟಿ ನೋಡಿ, ‘ಅತ್ತಿಗೆ, ಇವೆಲ್ಲ ಅವ್ರದ್ದೇ ನಂಬರಾ?’ ಅಂದಿದ್ದಳು. ‘ನಿಂಗ್ ಹಳ್ಳಿ ಗೊತ್ತೇನೇ? ಸುಮ್ನಿರು’ ಎಂದು ಅವಳ ಬಾಯಿ ಮುಚ್ಚಿಸಿದ್ದೆ.

ಆಟೊದಲ್ಲಿ ದೊಡ್ಡಬಳ್ಳಾಪುರಕ್ಕೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಗಂಡನಿಗೆ ಫೋನ್ ಮಾಡಿದರೆ ರಿಂಗಾಗುತ್ತಲೇ ಇತ್ತು. ಆ ಕಾರ್ಖಾನೆಯಲ್ಲಿ ಪಾಳಿ ಶುರುವಾಗುವಾಗ ಫೋನನ್ನು ಗೇಟಿನ ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋಗಬೇಕಂತೆ. ನೆರೆಯವರೊಬ್ಬರು ಗಾಡಿಯಲ್ಲಿ ಹೋಗಿ ಅವನನ್ನು ಕರೆತರುವ ಹೊತ್ತಿಗೆ ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಆಡಿಸಿ, ಬಹಳ ಹೊತ್ತು ಆಡಿಸಿ, ತೆಗೆದಿಟ್ಟಿದ್ದರು. ಮಗುವಿನ ಎದೆಬಡಿತ ಇರಲಿಲ್ಲ. ಹುಡುಗಿಯನ್ನು ಉಳಿಸಿಕೊಂಡರು.

ಗಂಡ ಒಳ್ಳೆಯವನೇ. ನನ್ನ ಮುಂದೆ ನಿಂತು ಅತ್ತ.

‘ದಿನಕ್ ಇಪ್ಪತ್ ಮೆಸೇಜ್ ಬರ್ತವೆ ಮೇಡಂ. ಲೋನ್ ತಗೊಳಿ, ಲಾಟ್ರಿ ಬಂದೈತೆ ಅಂತ. ಡ್ಯೂಟಿ ಮುಗಿಸ್ಕೊಂಡ್ ಬಂದು ಎಲ್ಲಾ ಒಟ್ಗೆ ಅಳಿಸ್ಬಿಡ್ತೀನಿ. ಇದು ಅವ್ಳದ್ದು ಅಂತ ನಂಗ್ ಹೆಂಗ್ ಗೊತ್ತಾಗ್ಬೇಕು?’

ಮರುದಿನದಿಂದ ನಾನು ಮತ್ತು ನಾದಿನಿ ಆಶಾ ಕಾರ್ಯಕರ್ತೆಯರನ್ನು ಜೊತೆಗೆ ಕರೆದುಕೊಂಡು ಮನೆಮನೆ ತಿರುಗಿದೆವು. ಬಹಳ ಹೆಂಗಸರ ಹತ್ತಿರ ಸ್ವಂತ ಫೋನಿತ್ತು. ಇಲ್ಲದವರಿಗೆ ಪಕ್ಕದ ಮನೆಯವಳದ್ದೋ ತಾಯಿಯದ್ದೋ ಇತ್ತು. ಕೇಳಿದರೆ ಕೊಡುತ್ತಿದ್ದರು. ನಾದಿನಿ ಆ ದಿನಗಳಲ್ಲಿ ಒಂದು ಸಲವೂ ‘ನಾನ್ ಹೇಳಿರ್ಲಿಲ್ವಾ’ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಪರಿಶೀಲನಾ ಸಭೆಗೆ ಹೋದಾಗ ನಮ್ಮ ಕೈಯಲ್ಲಿ ತೋರಿಸುವಂಥ ಫಲಿತಾಂಶ ಇರಲಿಲ್ಲ. ಹೊಸ ನಂಬರುಗಳಿಗೆ ಮೆಸೇಜ್ ಹೋಗಲು ಶುರುವಾಗಿ ಎರಡೇ ವಾರ. ಕಂತು ಸಿಗುವುದಿಲ್ಲ ಎಂದು ಬಸ್ಸಿನಲ್ಲೇ ಖಾತ್ರಿಯಾಗಿತ್ತು. ನನ್ನ ಸರದಿ ಬಂದಾಗ ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಊದಿದ ಪಾದ, ಗೇಟಿನ ಪೆಟ್ಟಿಗೆ, ಮಗು, ನಾನು ಕೇಳಿ ಬರೆದುಕೊಂಡ ಯಜಮಾನರ ನಂಬರು. ಹೇಳುತ್ತಾ ಹೇಳುತ್ತಾ ಅಳು ಬಂತು. ತಪ್ಪೊಪ್ಪಿಕೊಳ್ಳುತ್ತಿದ್ದೇನೆ ಎಂದೇ ನಾನು ತಿಳಿದಿದ್ದು. ಆದರೆ ಮಾತಿನ ನಡುವೆ ಎಲ್ಲೋ, ಅವರೆಲ್ಲ ಲ್ಯಾಪ್‌ಟಾಪಿನಿಂದ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಾರೆ ಅನ್ನುವುದು ಗಮನಕ್ಕೆ ಬಂತು. ಬಂದ ಮೇಲೂ ನಿಲ್ಲಿಸಲಿಲ್ಲ. ಇನ್ನೂ ಸ್ವಲ್ಪ ವಿವರವಾಗಿಯೇ ಹೇಳಿದೆ.

ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡು, ‘ಇದು ತುಂಬಾ ಮುಖ್ಯವಾದ ಪಾಠ. ಮುಂದಿನ ಸಲ ಇದನ್ನೇ ಮೊದಲ ಸ್ಲೈಡ್ ಮಾಡಿ’ ಅಂದರು. ಕಂತು ಮಂಜೂರಾಯಿತು. ಹೊರಗೆ ಬಂದು ನಾದಿನಿ ನನ್ನನ್ನು ಅಪ್ಪಿಕೊಂಡಳು. ಇಬ್ಬರೂ ಕಾಫಿ ಕುಡಿದೆವು. ಆ ಕಾಫಿ ರುಚಿಯಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ.

ಆ ವಾರವೇ ಹುಡುಗಿಯ ಮನೆಗೆ ಹೋದೆ. ಸುದ್ದಿ ಹೇಳಿದರೆ ಅವಳಿಗೂ ಸ್ವಲ್ಪ ಸಮಾಧಾನವಾದೀತು ಎಂಬ ಹುಚ್ಚು ನನಗೆ. ನಿನ್ನ ವಿಷಯ ಹೇಳಿದೆನಮ್ಮ, ಅಲ್ಲಿದ್ದವರೆಲ್ಲ ಕಣ್ಣೀರು ಹಾಕಿದರು, ಇನ್ನು ಮುಂದೆ ಯಾವ ತಾಯಿಗೂ ಹೀಗಾಗುವುದಿಲ್ಲ, ಅದಕ್ಕೆ ದುಡ್ಡು ಬಂತು ಅಂದೆ. ಹೆಸರು ಹೇಳಿಲ್ಲ ಎಂದೂ ಸೇರಿಸಿದೆ.

ಅವಳು ಹಾಸಿದ್ದ ಚಾಪೆಯ ಅಂಚಿನ ಎಳೆ ಕೀಳುತ್ತಿದ್ದಳು.

‘ನನ್ ಮಗೀನ್ ವಿಷ್ಯ ಅಷ್ಟ್ ಜನರ್ ಮುಂದೆ ಹೇಳೋಕ್ ಮುಂಚೆ,’ ಅಂದಳು, ‘ನನ್ನೊಂದ್ ಮಾತ್ ಕೇಳ್ಬೇಕು ಅಂತ ಅನ್ಸಲಿಲ್ವಾ ಅಕ್ಕಾ?’

ಅನ್ನಿಸಿರಲಿಲ್ಲ. ಇದನ್ನು ಸಭೆಯಲ್ಲಿ ಹೇಳಲಾ ಎಂದು ಆಸ್ಪತ್ರೆಯಲ್ಲಿ ಅವಳ ಗಂಡನನ್ನು ಕೇಳಿ ಒಪ್ಪಿಗೆ ತೆಗೆದುಕೊಂಡಿದ್ದೆ.