ಆಯಿ ಕುಡಿಯುವ ನೀರು

ನಾನು ಚಿಕ್ಕವಳಿದ್ದಾಗ ಅಕ್ಕನ ಮೇಲೆ ನನಗೆಷ್ಟು ಹೊಟ್ಟೆಕಿಚ್ಚಿತ್ತೆಂದು ನಿಮಗೆ ಇದುವರೆಗೆ ಹೇಳಿಲ್ಲ, ಮಕ್ಕಳೇ. ಅವಳ ಉದ್ದ ಜಡೆಗಲ್ಲ, ಹೊಸ ಲಂಗಕ್ಕೂ ಅಲ್ಲ. ದಿನವೂ ಆಯಿಗೆ ಕುಡಿಯುವ ನೀರು ತರುವವಳು ಅವಳಾಗಿದ್ದಳಲ್ಲ, ಅದಕ್ಕೆ. ನಗುತ್ತೀರೇನು, ನಗಿರಿ. ಆಗ ನನಗೆ ಎಂಟು ವರ್ಷ, ಅವಳಿಗೆ ಹನ್ನೆರಡು.

ಆಯಿ ಎಂದರೆ ನಮ್ಮಪ್ಪನ ತಾಯಿ. ಹುಕ್ಕೇರಿ ಕಡೆಯ ಜೈನರ ಮನೆಯಿಂದ, ಹತ್ತು ವರ್ಷದವಳಿದ್ದಾಗಲೇ, ಮಮದಾಪುರದ ಹತ್ತಿರದ ನಮ್ಮ ಊರಿಗೆ ಸೊಸೆಯಾಗಿ ಬಂದವಳು. ಆಮೇಲೆ ಮನೆ, ಹೊಲ, ಬಸದಿ ಬಿಟ್ಟು ಬೇರೆ ದಾರಿ ಹೆಚ್ಚು ತುಳಿದವಳಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಬಿಳಿ ಸೀರೆಯುಟ್ಟು, ಹಿತ್ತಾಳೆ ಡಬ್ಬಿಯಲ್ಲಿ ಒಂದು ಹಿಡಿ ಅಕ್ಕಿ ತೆಗೆದುಕೊಂಡು ಬಸದಿಗೆ ಹೊರಡುತ್ತಿದ್ದಳು. ದಾರಿಯಲ್ಲಿ ಇರುವೆ ಸಾಲು ಕಂಡರೆ ಮುಗಿಯಿತು, ಅವೆಲ್ಲ ದಾಟುವವರೆಗೆ ನಿಂತೇಬಿಡುವಳು. ಹಿಂದೆ ಬರುತ್ತಿದ್ದ ನಾನು ಬಿಸಿಲಿಗೆ ಕಾಲು ಸುಟ್ಟುಕೊಂಡು ಕುಣಿಯುತ್ತಿದ್ದೆ. ಹೊತ್ತು ಮುಳುಗಿದ ಮೇಲೆ ಆಯಿ ಊಟವಿರಲಿ, ಒಂದು ಹನಿ ನೀರೂ ಬಾಯಿಗೆ ಹಾಕುತ್ತಿರಲಿಲ್ಲ.

ಆ ನೀರಿಗೂ ದೊಡ್ಡ ಕಟ್ಟುನಿಟ್ಟು. ಹಿತ್ತಲಲ್ಲೇ ಒಂದು ಬಾವಿಯಿತ್ತು, ಆದರೆ ಅದರದು ಸವಳು ನೀರು, ಬಟ್ಟೆ ಒಗೆಯಲು ಮಾತ್ರ. ಕುಡಿಯುವ ಸಿಹಿ ನೀರು ದೂರದ ತೋಟದ ಬಾವಿಯಿಂದ ಬರಬೇಕು. ಅಲ್ಲಿ ನೀರು ಸೇದಿ, ಎರಡು ಪದರದ ದಪ್ಪ ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ತಂಬಿಗೆಯೊಳಗೆ ತೊಳೆದುಕೊಳ್ಳಬೇಕು. ಆ ತಂಬಿಗೆಯನ್ನು ಹಗ್ಗಕ್ಕೆ ಕಟ್ಟಿ, ಮೆಲ್ಲಗೆ ಇಳಿಸಿ, ನೀರು ಮುಟ್ಟಿದ ಮೇಲೆ ಓರೆ ಮಾಡಬೇಕು. ಮೇಲಿನಿಂದ ಸುರಿದರೆ ಅವಕ್ಕೆ ಪೆಟ್ಟಾಗುತ್ತದೆ. ಎಲ್ಲಿಂದ ಬಂದವೋ ಅಲ್ಲಿಗೇ ಅವು ಹೋಗಬೇಕು. ಇಷ್ಟೆಲ್ಲ ಮಾಡಲು ಅಕ್ಕನಿಗಿದ್ದ ತಾಳ್ಮೆ ನನಗಿಲ್ಲವೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿಬಿಟ್ಟಿದ್ದರು.

ನೀರು ಕುಡಿದ ಮೇಲೆ ಆಯಿ ಒದ್ದೆ ಕೈಯನ್ನು ಅಕ್ಕನ ತಲೆಯ ಮೇಲೆ ಇಡುತ್ತಿದ್ದಳು. ಇಷ್ಟೇ. ಅದನ್ನು ಕಂಬದ ಮರೆಯಲ್ಲಿ ನಿಂತು ನೋಡುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೇಸಿಗೆಯಲ್ಲಿ ಅಕ್ಕನಿಗೆ ಕಣ್ಣುಬೇನೆ ಬಂತು. ಅಪ್ಪ ಅವಳನ್ನು ಬಸ್ಸಿನಲ್ಲಿ ಗೋಕಾಕದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವಳಿಗೆ ಬಸ್ಸು, ಪೇಟೆ, ಬರುವಾಗ ಕರದಂಟು. ನನಗೆ ಕಣ್ಣುಬೇನೆಯೂ ಬರಲಿಲ್ಲವಲ್ಲ ಎಂದು ಮೂತಿ ಉಬ್ಬಿಸಿ ಕೂತಿದ್ದೆ. ಸಂಜೆಯಾಗುತ್ತ ಬಂತು. ಅವ್ವ ಕಬ್ಬಿನ ಹೊಲದಿಂದ ಇನ್ನೂ ಬಂದಿರಲಿಲ್ಲ. ಅಂದು ಚತುರ್ದಶಿ, ವ್ರತದ ದಿನ, ಆಯಿ ಮಧ್ಯಾಹ್ನ ಒಂದು ಹೊತ್ತು ಉಂಡಿದ್ದಳು, ಅಷ್ಟೆ. ಅವಳು ನನ್ನನ್ನೇ ಕರೆದು ಕೊಡ, ಬಟ್ಟೆ, ತಂಬಿಗೆ ಮುಂದಿಟ್ಟಳು.

"ಹೊತ್ತ ಮುಳಗೂದರೊಳಗ ತರ್ತಿ ಏನ?"

ಓಡಿದೆ. ನೀರು ಸೇದುವಷ್ಟರಲ್ಲಿ ಅಂಗೈ ಕೆಂಪಾಯಿತು. ಸೂರ್ಯ ಆಗಲೇ ಕಬ್ಬಿನ ಗರಿಗಳ ಮಟ್ಟಕ್ಕೆ ಇಳಿದಿದ್ದ. ಇಲ್ಲೇ ಸೋಸಿ, ತಂಬಿಗೆ ಮೆಲ್ಲಗೆ ಇಳಿಸುತ್ತ ಕೂತರೆ ಹೊತ್ತು ಹೋಗುತ್ತದೆ, ಆಯಿ ಇಡೀ ರಾತ್ರಿ ಬಾಯಾರಿ ಇರಬೇಕಾಗುತ್ತದೆ, ನಾಳೆಯಿಂದ ಮತ್ತೆ ಅಕ್ಕನೇ. ನೀರನ್ನು ಹಾಗೇ ಹೊತ್ತು ತಂದು ಹಿತ್ತಲಲ್ಲಿ ಸೋಸಿದೆ. ಸೋಸಿದ ಬಟ್ಟೆ ತೊಳೆದ ನೀರನ್ನು ಹಿತ್ತಲ ಸವಳು ಬಾವಿಗೇ ಸುರಿದುಬಿಟ್ಟೆ. ಅದೂ ಮೇಲಿನಿಂದಲೇ.

ಆಯಿ ಕುಡಿಯುವ ಮೊದಲು ಕೇಳಿದಳು, "ಅವನ್ನ ಎಲ್ಲಿ ಬಿಟ್ಟಿ?"

"ತ್ವಾಟದ ಬಾವ್ಯಾಗ, ಆಯಿ. ಕೆಳಗ ಇಳಿಸೇ ಬಿಟ್ಟೇನಿ."

"ಶ್ಯಾಣ್ಯಾಕಿ ಆದಿ ನೋಡು," ಎಂದು ಅವಳು ಲೋಟ ಎತ್ತಿ ಗಟಗಟನೆ ಕುಡಿದಳು. ತಣ್ಣನೆಯ ಒದ್ದೆ ಕೈ ನನ್ನ ತಲೆಯ ಮೇಲೆ ಬಂತು. ಒಂದು ಹನಿ ನೀರು ಹಣೆಯ ಮೇಲಿಂದ ಮೂಗಿನ ತನಕ ಇಳಿಯಿತು. ನಾನು ಅದನ್ನು ಒರೆಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕ ಬಂದಳು, ಅವ್ವನೂ ಹೊಲದಿಂದ ಬಂದಳು. ಕಾಲು ತೊಳೆಯಲು ಹಿತ್ತಲಿಗೆ ಹೋದ ಅಕ್ಕನಿಗೆ ಸವಳು ಬಾವಿಯ ಕಟ್ಟೆಯ ಮೇಲೆ ಬಟ್ಟೆ, ತಂಬಿಗೆ ಬಿದ್ದಿದ್ದು ಕಂಡಿತು. ಅವಳು ನನ್ನ ಮುಖ ನೋಡಿದಳು. ನೇರವಾಗಿ ಆಯಿಯ ಹತ್ತಿರ ಹೋದಳು.

"ಆಯಿ, ಆಕಿ ಸವಳ ಬಾವ್ಯಾಗ ಬಿಟ್ಟಾಳ. ತಪ್ಪು ನಂದು. ನಾ ಆಕಿಗೆ ಸರಿಯಾಗಿ ಹೇಳಿ ಕೊಟ್ಟಿದ್ದಿಲ್ಲ."

ಆಯಿ ಅಕ್ಕನನ್ನು ಹತ್ತಿರ ಎಳೆದುಕೊಂಡಳು. "ಇರ್ಲಿ ಬಿಡವಾ," ಎಂದು ಅವಳ ಬೆನ್ನು ಸವರಿದಳು.

ಮಕ್ಕಳೇ, ನನ್ನ ಬುದ್ಧಿ ಎಂಥದಿತ್ತು ನೋಡಿ. ಬಚಾವಾದೆ ಎಂದು ಸುಮ್ಮನಿರಬಹುದಿತ್ತು. ಆದರೆ ತಪ್ಪು ಮಾಡಿದವಳು ನಾನು, ಬೆನ್ನು ಸವರಿಸಿಕೊಳ್ಳುವವಳು ಅವಳೇ? ನನಗೆ ತಡೆಯಲಾಗಲಿಲ್ಲ.

"ಆಕಿದೇನೂ ತಪ್ಪಿಲ್ಲ," ಎಂದು ಕೂಗಿದೆ. "ನನಗ ಎಲ್ಲಾ ಗೊತ್ತಿತ್ತು. ನಾನ ಸುಳ್ಳ ಹೇಳೇನಿ."

ಆಯಿಯ ಮುಖ ಸಣ್ಣದಾಯಿತು. ಎದ್ದು ಹಿತ್ತಲಿಗೆ ನಡೆದಳು. ಸವಳು ಬಾವಿಯ ಮುಂದೆ ಕೈಮುಗಿದು, ದೊಡ್ಡವರ ಕ್ಷಮೆ ಕೇಳುವ ಹಾಗೆ, ಬಹಳ ಹೊತ್ತು ಏನೋ ಹೇಳಿಕೊಂಡಳು. "ಸಿಹಿ ನೀರಾಗಿನವು ಸವಳ ನೀರಾಗ ಹ್ಯಾಂಗ ಬದುಕ್ಯಾವು?" ಎಂದಳು. ನನ್ನನ್ನು ಬಯ್ಯಲಿಲ್ಲ. "ನಾಳಿ ನನಗ ನೀರ ಬ್ಯಾಡ" ಎಂದಷ್ಟೇ ಅವ್ವನಿಗೆ ಹೇಳಿದಳು.

"ಇಂಥಾ ಬಿಸಲಾಗ ಬ್ಯಾಡ್ರಿ ಅತ್ತಿ," ಅವ್ವ ಬೇಡಿಕೊಂಡಳು. "ಆಕಿ ಕೂಸು, ತಿಳೀಲಾರದ ಮಾಡ್ಯಾಳ."

"ಕುಡದಾಕಿ ನಾ ಅಲ್ಲೇನ?" ಎಂದಳು ಆಯಿ.

ಮರುದಿನದ ಬಿಸಿಲು ನನಗೆ ಇಂದಿಗೂ ನೆನಪಿದೆ. ಆಯಿ ಪಡಸಾಲೆಯಲ್ಲಿ ಜಪಮಣಿ ಹಿಡಿದು ಕೂತಿದ್ದಳು. ತುಟಿ ಒಣಗಿ ಬಿರಿದಿತ್ತು. ಅಕ್ಕ ತಾನೂ ನೀರು ಮುಟ್ಟಲಿಲ್ಲ. ಅವಳಿಗಿಂತ ಹೆಚ್ಚು ಹೊತ್ತು ಇರುತ್ತೇನೆಂದು ನಾನೂ ಹಟ ಹಿಡಿದು ಕೂತೆ. ನಡು ಮಧ್ಯಾಹ್ನ ಜೋಳದ ಚೀಲಗಳ ಹಿಂದೆ ಹೋಗಿ, ಒಂದು ಲೋಟ ಕುಡಿದು, ಬಾಯಿ ಒರೆಸಿಕೊಂಡು ಬಂದೆ. ಅಕ್ಕ ಹೊತ್ತು ಮುಳುಗುವ ತನಕ ಇದ್ದಳು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಅದರ ಮರುದಿನ ಬೆಳಿಗ್ಗೆ ಆಯಿ ಬಟ್ಟೆ, ತಂಬಿಗೆ ಎತ್ತಿ ನನ್ನ ಕೈಗೆ ಕೊಟ್ಟಳು. ಅಕ್ಕನ ಕೈಗಲ್ಲ, ನನ್ನ ಕೈಗೆ. "ಇವತ್ತಿಂದ ನೀನ ತಾ" ಎಂದಳು. ಅಷ್ಟು ಬಾಯಾರಿದವಳು, ಸುಳ್ಳು ಹೇಳಿದ ಕೈಯಿಂದಲೇ ಯಾಕೆ ನೀರು ಕೇಳಿದಳೆಂದು ನನಗೆ ಆಗ ತಿಳಿಯಲಿಲ್ಲ. ಆ ದಿನ ತಂಬಿಗೆಯನ್ನು ಎಷ್ಟು ನಿಧಾನ ಇಳಿಸಿದೆನೆಂದರೆ, ನೋಡಲು ಬಂದ ಅಕ್ಕನಿಗೆ ಆಕಳಿಕೆ ಬಂತು.

ಮಳೆಗಾಲ ಮುಗಿಯುವ ಮೊದಲೇ ಆಯಿ ತೀರಿಕೊಂಡಳು. ಹಾಸಿಗೆ ಹಿಡಿದ ಆ ಹದಿನೈದು ದಿನವೂ ನೀರು ತಂದವಳು ನಾನೇ. ಕೊನೆಯ ಬೆಳಿಗ್ಗೆ ಬಸದಿಯ ಗಂಟೆ ಕೇಳಿ ಅವಳು ಮಲಗಿದಲ್ಲೇ ಕೈ ಜೋಡಿಸಿದಳು, ಆಮೇಲೆ ಬಾಯಿ ತೆರೆದಳು. ನಾನು ಸೋಸಿದ ನೀರು, ಆದರೆ ಚಮಚ ಅಕ್ಕನ ಕೈಯಲ್ಲಿತ್ತು. ಅಂಥ ಹೊತ್ತಿನಲ್ಲೂ ನಾನು ಆ ಚಮಚವನ್ನೇ ನೋಡುತ್ತಿದ್ದೆ. ಅಕ್ಕನಿಗೆ ಗೊತ್ತಾಯಿತು. ಅರ್ಧ ಕುಡಿಸಿ, ಚಮಚವನ್ನು ನನಗೆ ಕೊಟ್ಟಳು. ಇನ್ನರ್ಧ ಆಯಿಯ ಗಂಟಲಿಗೆ ಇಳಿಯಲಿಲ್ಲ, ಕೆನ್ನೆಯ ಮೇಲೆ ಹರಿಯಿತು. ನಾನು ಜೋರಾಗಿ ಅತ್ತೆ.

ಈಗ ನಿಮ್ಮ ಮನೆಯಲ್ಲಿ ಗೋಡೆಗೆ ಹಾಕಿದ ಯಂತ್ರ ನೀರು ಸೋಸುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬಣ್ಣದ ಬಾಟಲಿ. ಬಾಯಾರಿದರೆ ಎದ್ದು ಕುಡಿಯುತ್ತೀರಿ, ಯಾರೂ ಯಾರ ಕೈಯನ್ನೂ ಕಾಯಬೇಕಿಲ್ಲ, ಹೊತ್ತು ಮುಳುಗಿತೆಂದು ಓಡಬೇಕಿಲ್ಲ. ಒಳ್ಳೆಯದೇ. ಆ ಬಾವಿಯ ಹಗ್ಗ ನಿಮ್ಮ ಅಂಗೈಗೆ ಬರುವುದು ನನಗೂ ಬೇಡ.

ಆದರೆ ಇಷ್ಟು ಹೊತ್ತು ಮಾತಾಡಿ ನನ್ನ ಗಂಟಲು ಒಣಗಿದೆ. ನಿಮ್ಮಲ್ಲಿ ಯಾರಾದರೂ ಒಬ್ಬರು ಹೋಗಿ ನನಗೊಂದು ಲೋಟ ನೀರು ತನ್ನಿ. ಯಾರು ಎಂದು ನಾನು ಹೇಳುವುದಿಲ್ಲ.