ಮಾವ ಹಾಕಿದ ಮುಳ್ಳು

ಅವರ ಬಲಗೈ ಎಡಗೈಗಿಂತ ಎಷ್ಟೋ ಕಪ್ಪಗಿತ್ತು. ಮಳವಳ್ಳಿಯಿಂದ ಮದ್ದೂರಿಗೆ, ಮದ್ದೂರಿನಿಂದ ಮಂಡ್ಯಕ್ಕೆ ಬಸ್ಸು ಓಡಿಸುತ್ತಾ ಕಿಟಕಿಯ ಮೇಲೆ ಊರಿದ ಕೈ ಅದು. ಸರ್ವೀಸು ಪೂರ್ತಿ ಬಿಸಿಲು ತಿಂದ ಆ ಬಣ್ಣ ನಿವೃತ್ತಿಯಾಗಿ ಎಷ್ಟು ಕಾಲವಾದರೂ ತಿಳಿಯಾಗಲಿಲ್ಲ. ಮಳವಳ್ಳಿಯಲ್ಲಿ ನಮ್ಮ ಎದುರು ಮನೆಯವರು. ನೆಂಟಸ್ತನ ಏನೂ ಇಲ್ಲ, ಆದರೂ ಬೀದಿಗೆಲ್ಲ ಅವರು ಮಾವ, ಅವರ ಹೆಂಡತಿ ಅತ್ತೆ.

ಕೆಲಸ ಮುಗಿದ ಗಂಡಸರು ಜಗಲಿ ಹಿಡಿಯುತ್ತಾರೆ. ಮಾವ ಸೈಕಲ್ ಹಿಡಿದರು. ಅದೂ ಎಂಥದ್ದು, ದಪ್ಪ ಟೈರಿನ, ಕಲ್ಲುಗುಡ್ಡ ಹತ್ತಿ ಇಳಿಯುವ ಗೇರ್ ಸೈಕಲ್. ಮದ್ದೂರಿನಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಸಾದಿಕ್ ಹಳೆಯದೊಂದನ್ನು ರಿಪೇರಿ ಮಾಡಿ ಕೊಟ್ಟಿದ್ದ. ಊರಾಚೆ, ಕರೆಂಟು ಸ್ಟೇಷನ್ನಿರುವ ಬ್ಲಫ್ ಕಡೆಗೆ ಹೋಗುವಾಗ, ಹೊಂಗೆ, ಜಾಲಿ ಬೆಳೆದ ಗೋಮಾಳದ ಗುಡ್ಡವೊಂದಿದೆ. ಆ ಕುರುಚಲು ಕಾಡಿನಲ್ಲಿ ಆಡುಗಳು ಓಡಾಡಿದ ಜಾಡನ್ನೇ ಹಿಡಿದು, ಇಬ್ಬರೂ ಸೇರಿ ಸೈಕಲ್ ದಾರಿ ಮಾಡಿದರು. ಆಮೇಲೆ ಕರೆಂಟು ಸ್ಟೇಷನ್ನಿನ ಇಬ್ಬರು, ಮಂಡ್ಯದ ಒಂದಷ್ಟು ಜನ, ಸಕ್ಕರೆ ಕಾಯಿಲೆ ಬಂದು ಡಾಕ್ಟರಿಂದ ಬೈಸಿಕೊಂಡ ಹೈಸ್ಕೂಲು ಟೀಚರಾದ ನಾನು, ಹೀಗೆ ಒಂದು ಗುಂಪಾಯಿತು.

ಭಾನುವಾರ ಮೊದಲು ಗುದ್ದಲಿ, ಆಮೇಲೆ ಸೈಕಲ್. ದಾರಿಯ ಮೇಲೆ ನೀರು ಹರಿಯದಂತೆ ಪಕ್ಕಕ್ಕೆ ಸಣ್ಣ ಕಾಲುವೆ ಬಿಡಿಸಬೇಕು, ಉರುಳಿದ ಕಲ್ಲು ಎತ್ತಿಡಬೇಕು. ಮಕ್ಕಳ ಕೈಯಲ್ಲಿ ಮೈದಾನ ಗುಡಿಸಿಸುವ ನಾನೇ ಇಲ್ಲಿ ಅಂಗೈ ತುಂಬ ಬೊಬ್ಬೆ ಬರಿಸಿಕೊಂಡೆ. ಇಳಿಜಾರಿನ ತಿರುವು ಕಂಡರೆ ಕಣ್ಣು ಮುಚ್ಚಿ ಬ್ರೇಕು ಹಿಡಿದು ಬೀಳುತ್ತಿದ್ದವಳು ನಾನು.

"ತಿರುವಲ್ಲಿ ಬ್ರೇಕ್ ಇಡಿಬ್ಯಾಡ ಕಣವ್ವ. ಮುಂಚೇನೇ ಇಡ್ದು ಆಮೇಲ್ ಬುಟ್ಬುಡು, ಅದೇ ತಿರುಕತದೆ," ಅನ್ನುವರು ಮಾವ. ಮತ್ತೆ ಬಿದ್ದರೆ, "ಬಸ್ ತುಂಬ ಜನನ ತಿರುಗ್ಸಿವ್ನಿ, ನಿಂದೊಬ್ಳುದೇ ಕಷ್ಟ ಆಯ್ತಲ್ಲ," ಎಂದು ನಗುವರು. ಸಿಟ್ಟು ಬರುತ್ತಿತ್ತು. ಆದರೆ ಎದ್ದು ಮತ್ತೆ ಹತ್ತುತ್ತಿದ್ದೆ.

ಅವರು ಒಂದು ವಿಷಯದಲ್ಲಿ ಮಾತ್ರ ನಗುತ್ತಿರಲಿಲ್ಲ. ಮಳೆ ಬಿದ್ದರೆ ಜಾಲಿಮುಳ್ಳಿನ ಕೊಂಬೆ ಕಡಿದು ದಾರಿಯ ಬಾಯಿಗೆ ಅಡ್ಡ ಹಾಕುವರು. ಒದ್ದೆ ಮಣ್ಣಿನ ಮೇಲೆ ಚಕ್ರ ಉರುಳಿದರೆ ಗೆರೆ ಬೀಳುತ್ತದೆ, ಮುಂದಿನ ಮಳೆಯ ನೀರು ಅದೇ ಗೆರೆಯಲ್ಲಿ ಹರಿದು ದಾರಿಯನ್ನೇ ಕೊಚ್ಚಿಕೊಂಡು ಹೋಗುತ್ತದೆ. ಹಾಕಿದವರೇ ಮುಳ್ಳು ತೆಗೆಯಬೇಕು, ಬೇರೆ ಯಾರೂ ಮುಟ್ಟಬಾರದು. ಅದು ನಮ್ಮ ಕಟ್ಟಳೆಯಾಗಿತ್ತು.

ಒಂದು ಬೇಸಿಗೆಯ ಭಾನುವಾರ ನಾವು ಹೋದಾಗ ದಾರಿಗೆ ಮುಳ್ಳು ಬಿದ್ದಿತ್ತು. ಮಾವ ಪಕ್ಕದಲ್ಲಿ ಮಚ್ಚು ಹಿಡಿದು ಕೂತಿದ್ದರು. "ರಾತ್ರಿ ಸರ್ಯಾಗ್ ಉಯ್ತು ಕಣ್ರಪ್ಪ. ಇವತ್ ಬ್ಯಾಡ," ಅಂದರು. ಸಂಕ್ರಾಂತಿಯಿಂದ ಒಂದು ಹನಿ ಬಿದ್ದಿರಲಿಲ್ಲ. ತಮಾಷೆ ಇರಬೇಕೆಂದು ನಕ್ಕೆವು. ಅವರ ಮುಖ ನೋಡಿ ನಗು ನಿಂತಿತು. ಹೊಸದಾಗಿ ಸೇರಿದವನೊಬ್ಬ ಮುಳ್ಳು ಎಳೆಯಲು ಹೋದ. ಸಾದಿಕ್ ಅವನ ತೋಳು ಹಿಡಿದು, "ಮಾವ ಆಕವ್ರೆ. ನಡಿ," ಅಂದ. ಧೂಳು ಹಾರುವ ದಾರಿಯನ್ನು ಬಿಟ್ಟು, ಎಲ್ಲರೂ ಟಾರು ರಸ್ತೆಯಲ್ಲಿ ಮನೆಗೆ ಬಂದೆವು.

ಮಾವನಿಗೆ ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದರು. ಆ ಬೇಸಿಗೆ ಎಷ್ಟೋ ಭಾನುವಾರ ಮುಳ್ಳು ಬಿತ್ತು, ನಾವು ಅಷ್ಟೂ ಸಲ ವಾಪಸ್ಸು ಬಂದೆವು. ಅದನ್ನು ನಾವು ಮರ್ಯಾದೆ ಅಂದುಕೊಂಡಿದ್ದೆವು. ಅತ್ತೆಗೆ ಅದನ್ನು ಕೇಳಿ ಮೈಯೆಲ್ಲ ಉರಿದುಹೋಯಿತು.

"ಅವ್ರ್ ಯೋಳ್ದಂಗೆಲ್ಲ ತಲೆ ಆಡ್ಸ್ತೀರಲ್ಲ, ಬುದ್ದಿ ಅದಾ ನಿಮ್ಗೆ? ನಿನ್ನೆ ಮನೆ ಬಾಗ್ಲಿಗೂ ಮುಳ್ ಆಕವ್ರೆ. ನೋಡಿಲ್ಲಿ ನನ್ ಕಾಲ. ನೀವೆಲ್ಲ ಊಂ ಅಂದ್ರೆ ನಾನೊಬ್ಳೇ ಅವ್ರಿಗ್ ಸತ್ರು ಆಯ್ತೀನಿ," ಎಂದು ಅತ್ತರು. ಹಿಮ್ಮಡಿಯಲ್ಲಿ ಗಾಯವಿತ್ತು. ಮುಂದಿನ ಭಾನುವಾರ ಅವರೇ ನನ್ನ ಸ್ಕೂಟರಿನ ಹಿಂದೆ ಹತ್ತಿ, "ನಡಿ, ನಾನೇ ಯೋಳ್ತೀನಿ," ಅಂದರು. ಅಲ್ಲಿಯವರೆಗೆ ಅವರು ಆ ಗುಡ್ಡಕ್ಕೆ ಕಾಲಿಟ್ಟವರಲ್ಲ.

ಮುಳ್ಳು ಹಾಕಿಯಾಗಿತ್ತು. ಅತ್ತೆ ಸೀದಾ ಹೋಗಿ ಮಾವನ ಆ ಕಪ್ಪು ಕೈ ಹಿಡಿದು ನೆಲಕ್ಕೆ ಒತ್ತಿದರು. "ಮುಟ್ ನೋಡಿ. ಎಲ್ಲದೆ ಮಳೆ?"

ಮಾವ ಬೆರಳಲ್ಲಿ ಮಣ್ಣು ತಿಕ್ಕಿದರು. ಪುಡಿಪುಡಿಯಾಗಿ ಉದುರಿತು. ಬಹಳ ಹೊತ್ತು ಅದನ್ನೇ ನೋಡಿ, ನಮ್ಮೆಲ್ಲರ ಮುಖಕ್ಕೂ ಒಮ್ಮೊಮ್ಮೆ ಕಣ್ಣು ಹಾಯಿಸಿ, "ಅಂಗಾದ್ರೆ ನಾನ್ಯಾಕ್ ಆಕ್ದೆ ಇದ್ನ?" ಎಂದು ಕೇಳಿದರು. ಅಷ್ಟು ಹೆದರಿದ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ.

ಜಗಳಕ್ಕೆಂದು ಬಂದ ಅತ್ತೆ ಅವರ ಪಕ್ಕ ಕೂತರು. ಸೆರಗಿನಿಂದ ಅಂಗೈ ಒರೆಸಿದರು. "ಬತ್ತದೆ ಕಣಿ ಮಳೆ. ಬರೋ ಮಳೆಗೇಂತ ಮುಂಚೇನೇ ಆಕಿದ್ದೀರಿ," ಅಂದರು. ಮಾವ ತಲೆಯಾಡಿಸಿದರು. ಸಾದಿಕ್ ಆ ಕಡೆ ತಿರುಗಿ ನಿಂತು ತನ್ನ ಸೈಕಲ್ಲಿನ ಚೈನು ನೋಡುತ್ತಿದ್ದ, ಅದಕ್ಕೆ ಏನೂ ಆಗಿರಲಿಲ್ಲ.

ಆಮೇಲೆ ಅವರು ಗುಡ್ಡಕ್ಕೆ ಬಂದದ್ದು ಕಡಿಮೆ. ಮರುವರ್ಷ ಯುಗಾದಿ ಕಳೆಯುತ್ತಲೇ ಹಾಸಿಗೆ ಹಿಡಿದರು. ಕೊನೆಕೊನೆಗೆ ಅತ್ತೆಯನ್ನು ಬಿಟ್ಟು ಯಾರ ಗುರುತೂ ಹತ್ತುತ್ತಿರಲಿಲ್ಲ. ನನ್ನನ್ನು ನೋಡಿ ಒಂದು ದಿನ, "ಟಿಕೆಟ್ ತಕಂಡ್ಯಾವ್ವ?" ಎಂದು ಕೇಳಿದರು. ತಗೊಂಡಿದೀನಿ ಮಾವ, ಅಂದೆ. ಹೊರಗೆ ಬಂದು ಅವರ ಜಗಲಿಯ ಮೇಲೆಯೇ ಕೂತು ಅತ್ತುಬಿಟ್ಟೆ. ಆ ವಾರವೇ ಮಾವ ಹೋಗಿಬಿಟ್ಟರು.

ತಿಥಿ ಮುಗಿದ ಮೇಲೆ ಒಂದು ರಾತ್ರಿ ಜೋರು ಮಳೆ ಬಂತು. ಬೆಳಿಗ್ಗೆ ಎದ್ದವಳಿಗೆ ಮುಳ್ಳಿನ ನೆನಪಾಗಿ ಸ್ಕೂಟರ್ ತೆಗೆದುಕೊಂಡು ಹೋದೆ. ದಾರಿಗೆ ಆಗಲೇ ಮುಳ್ಳು ಬಿದ್ದಿತ್ತು. ಒಬ್ಬರೇ ಎಳೆದು ಹಾಕಿದ್ದರಿಂದ ಸೊಟ್ಟಸೊಟ್ಟಗಿತ್ತು. ಅತ್ತೆ ಮುಂಗೈ ತುಂಬ ಗೀರಿಸಿಕೊಂಡು ನಿಂತಿದ್ದರು. ಮೊದಲ ಬಸ್ಸಿಗೇ ಬಂದಿದ್ದರಂತೆ.

"ಎಷ್ಟ್ ದಿನ ಬುಡ್ಬೇಕವ್ವ ಇದ್ನ? ಅವ್ರು ನಂಗೇನೂ ಯೋಳ್ನಿಲ್ಲ."

ಮಾವ ನಮಗೂ ಹೇಳಿರಲಿಲ್ಲ. ಚಪ್ಪಲಿ ಬಿಟ್ಟು ಮಣ್ಣು ತುಳಿದು ನೋಡುತ್ತಿದ್ದರು, ಸಾಕು ಅನ್ನಿಸಿದಾಗ ತೆಗೆಯುತ್ತಿದ್ದರು. ಅವರು ಇದ್ದೇ ಇರುತ್ತಾರೆಂದುಕೊಂಡು ನಾವೂ ಕೇಳಿರಲಿಲ್ಲ. "ಗೊತ್ತಿಲ್ಲ ಅತ್ತೆ, ತುಳ್ದು ನೋಡ್ತಿದ್ರು," ಅಂದೆ.

ಅತ್ತೆ ಸೀರೆ ಎತ್ತಿ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಮುಳ್ಳಿನಾಚೆಯ ಒದ್ದೆ ಮಣ್ಣಿನ ಮೇಲೆ ಕಾಲಿಟ್ಟು ನಿಂತರು. ಕಾಲ್ಬೆರಳು ಒತ್ತಿ, ಎಷ್ಟು ಹೂತಿತೆಂದು ನೋಡಿದರು.

"ನಾಳಿಕ್ಕೆ ನೀನೇ ನನ್ನ ಕರ್ಕಂಡ್ ಬಾ," ಅಂದರು.